ಮತ್ತೆ ಹಾಡಿದ ಹಾಡು

ಮೂವತ್ತನಾಲ್ಕು ವರ್ಷಗಳ ಕಾಲ ಮಕ್ಕಳ ಬರಹದ ತಪ್ಪುಗಳ ಕೆಳಗೆ ಕೆಂಪು ಮಸಿಯಿಂದ ಗೆರೆ ಎಳೆದವನು ನಾನು. ಕಾಗುಣಿತ ತಪ್ಪಿದರೆ ಒಂದು ಗೆರೆ, ವಿಭಕ್ತಿ ತಪ್ಪಿದರೆ ಇನ್ನೊಂದು. ಪರರ ತಪ್ಪನ್ನು ಹುಡುಕುವ ಅಭ್ಯಾಸ ಬಲಿತಷ್ಟೂ ತನ್ನ ತಪ್ಪನ್ನು ಕಾಣುವ ಕಣ್ಣು ಮಂಕಾಗುತ್ತದೆಯೋ ಏನೋ! ನಾನು ಮಾಡಿದ ಒಂದು ತಪ್ಪು ನನಗೆ ತಿಳಿಯಬೇಕಾದರೆ ಎಂಟು ವರ್ಷಗಳೇ ಬೇಕಾದವು. ಅದನ್ನು ತಿಳಿಸಿಕೊಟ್ಟದ್ದು ಯಾವ ಪಂಡಿತರೂ ಅಲ್ಲ, ಮೇಲಧಿಕಾರಿಗಳೂ ಅಲ್ಲ. ಕಡಲಾಚೆಯ ದೇಶದ ಒಂದು ಹಾಡು.

1987ನೆಯ ಇಸವಿಯ ಮಾತು. ನಾನು ಆಗ ಇನ್ನೂ ಹೊಸ ಮೇಷ್ಟ್ರು. ಕನ್ನಡ ಎಂ.ಎ. ಮಾಡಿದವನೆಂಬ ಕಾರಣದಿಂದ ತಾಲ್ಲೂಕು ಮಟ್ಟದ ಭಾವಗೀತೆಯ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನನ್ನಾಗಿ ಕೂರಿಸಿದ್ದರು. ಭಾವಗೀತೆಗಳ ಕ್ಯಾಸೆಟ್ಟುಗಳು ಮನೆಮನೆಗೆ ಬರುತ್ತಿದ್ದ ಕಾಲ ಅದು. ಒಬ್ಬ ಹುಡುಗ ಎದ್ದು ನಿಂತು ಪ್ರಸಿದ್ಧವಾದ ಗೀತೆಯೊಂದನ್ನು ಕ್ಯಾಸೆಟ್ಟಿನಲ್ಲಿ ಇದ್ದಂತೆಯೇ ಹಾಡಿದ. ಮೂಲ ಗಾಯಕರು ಉಸಿರು ತೆಗೆದುಕೊಳ್ಳುವಲ್ಲಿ ಅವನೂ ಉಸಿರು ತೆಗೆದುಕೊಂಡ. ನಡುವೆ ಕೊಳಲು ನುಡಿಯುವಷ್ಟು ಹೊತ್ತು ಸುಮ್ಮನೆ ನಿಂತ. ಅವನ ಬಳಿಕ ಬಂದ ಒಬ್ಬ ಹುಡುಗಿಯೂ ಅದೇ ಗೀತೆಯನ್ನು ಎತ್ತಿಕೊಂಡಳು. ಆದರೆ ಧಾಟಿ ಬೇರೆ! ಸಾಲು ಸಾಲಿಗೂ ಒಂದು ಎಳೆತ, ಕೊನೆಯಲ್ಲಿ ಒಂದು ಇಳಿತ. ಸಭೆ ಏಕೋ ಸ್ತಬ್ಧವಾಯಿತು. ನಾನು ಮಾತ್ರ ಹುಬ್ಬು ಗಂಟಿಕ್ಕಿದೆ.

“ಈ ಧಾಟಿಯನ್ನು ಯಾರಮ್ಮ ಕಲಿಸಿದ್ದು?” ಎಂದು ಕೇಳಿದೆ.

“ಯಾರೂ ಇಲ್ಲ ಸಾರ್. ನಮ್ಮಜ್ಜಿ ರಾಗಿ ಬೀಸುವಾಗ ಹಾಡೋ ಹಾಗೆ ಹಾಡಿದೆ” ಎಂದಳು.

“ಮೂಲದಲ್ಲಿ ಇದ್ದ ಹಾಗೆ ಹಾಡಬೇಕಮ್ಮ” ಎಂದು ಬುದ್ಧಿ ಹೇಳಿದೆ. ಮೊದಲ ಬಹುಮಾನ ಹುಡುಗನಿಗೆ ಹೋಯಿತು. ಹುಡುಗಿಗೆ ಯಾವ ಬಹುಮಾನವೂ ಬರಲಿಲ್ಲ. ಅವಳು ತಲೆ ತಗ್ಗಿಸಿಕೊಂಡು ತನ್ನ ಶಾಲೆಯ ಮಕ್ಕಳ ಸಾಲಿಗೆ ಹೋಗಿ ಕುಳಿತದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಆದರೆ ಅಂದು ನನಗೆ ಏನೂ ಅನ್ನಿಸಲಿಲ್ಲ. ನ್ಯಾಯವಾಗಿ ತೀರ್ಪು ಕೊಟ್ಟೆನೆಂಬ ನೆಮ್ಮದಿಯಿಂದಲೇ ಊರಿಗೆ ಮರಳಿದೆ.

ಎಂಟು ವರ್ಷಗಳು ಕಳೆದವು. ಅಮೆರಿಕದಲ್ಲಿ ಓದುತ್ತಿದ್ದ ನನ್ನ ತಂಗಿಯ ಮಗ ರಜೆಗೆಂದು ಬಂದವನು ನನಗೊಂದು ಕ್ಯಾಸೆಟ್ಟನ್ನು ತಂದುಕೊಟ್ಟ. ಅದರಲ್ಲಿದ್ದುದು ಒಂದೇ ಹಾಡು. ಅದನ್ನು ಮೂವರು ಬೇರೆ ಬೇರೆ ಗಾಯಕರು ಹಾಡಿದ್ದರು. “ಒಂದೇ ಹಾಡನ್ನು ಮೂರು ಸಲ ಏಕಪ್ಪಾ ತುಂಬಿಸಿ ತಂದೆ?” ಎಂದೆ. ಅವನು ನಕ್ಕು, “ಒಂದೇ ಹಾಡು ಅಂತ ಈಗಲೇ ಹೇಳಬೇಡಿ ಮಾವ. ಮೂರನ್ನೂ ಕೇಳಿ, ಆಮೇಲೆ ಹೇಳಿ” ಎಂದ. ಅಮೆರಿಕನ್ನರ ಉಚ್ಚಾರಣೆ ನನ್ನ ಕಿವಿಗೆ ಹತ್ತದೆಂದು ತಿಳಿದು ಹಾಡಿನ ಮಾತುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದ.

ಆ ಹಾಡಿನ ಹೆಸರು ‘ಎ ಚೇಂಜ್ ಈಸ್ ಗಾನ್ನ ಕಮ್’. ಬದಲಾವಣೆಯೊಂದು ಬಂದೇ ಬರುತ್ತದೆ ಎಂಬುದು ಅದರ ಅರ್ಥ. ಅದು ‘ಸೋಲ್’ ಎಂಬ ಬಗೆಯ ಸಂಗೀತಕ್ಕೆ ಸೇರಿದ್ದು. ಕನ್ನಡದ ಕಿವಿಗೆ ಈ ಮಾತು ‘ಸೋಲು’ ಎಂದೇ ಕೇಳಿಸುತ್ತದೆ. ಆದರೆ ಅದರ ಅರ್ಥ ಆತ್ಮ. ಅಮೆರಿಕದ ಕಪ್ಪು ಜನರು ತಮ್ಮ ಇಗರ್ಜಿಗಳಲ್ಲಿ ಚಪ್ಪಾಳೆ ತಟ್ಟುತ್ತ, ಕೂಗಿ ಕರೆಯುತ್ತ ಹಾಡುತ್ತಿದ್ದ ದೇವರ ಹಾಡಿನ ಬನಿಯನ್ನು ಲೋಕದ ಸುಖದುಃಖಗಳ ಹಾಡಿಗೆ ಬೆರೆಸಿದಾಗ ಈ ಸಂಗೀತ ಹುಟ್ಟಿತು. 1950 ಮತ್ತು 1960ರ ದಶಕಗಳಲ್ಲಿ ಅದು ಬೆಳೆದು ಬಲಿಯಿತು. ಸೋಲನ್ನು ಬಹಳವಾಗಿ ಉಂಡ ಜನ ಸೋಲೊಪ್ಪದೆ ಹಾಡಿದ ಹಾಡುಗಳು ಅವು.

ಈ ಹಾಡನ್ನು ರಚಿಸಿ ಮೊದಲು ಹಾಡಿದವನು ಸ್ಯಾಮ್ ಕುಕ್. ಆತ ಹುಟ್ಟಿದ್ದು 1931ರಲ್ಲಿ, ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಲ್ಲಿ. ತಂದೆ ಇಗರ್ಜಿಯ ಉಪದೇಶಕ. ಕುಟುಂಬ ಷಿಕಾಗೋ ನಗರಕ್ಕೆ ವಲಸೆ ಹೋಯಿತು. ಹುಡುಗ ದೇವರ ಹಾಡುಗಳನ್ನು ಹಾಡುತ್ತಲೇ ಬೆಳೆದು, ‘ಸೋಲ್ ಸ್ಟಿರರ್ಸ್’ ಎಂಬ ಪ್ರಸಿದ್ಧ ಭಜನಮೇಳದ ಮುಖ್ಯ ಗಾಯಕನಾದ. 1957ರಲ್ಲಿ ಅವನ ಪ್ರೇಮಗೀತೆಯೊಂದು ದೇಶದಲ್ಲೆಲ್ಲ ಮೊದಲ ಸ್ಥಾನಕ್ಕೇರಿತು. ಜೇನಿನಂತಹ ಕಂಠ, ಸುಂದರ ರೂಪ, ಕೈತುಂಬ ಹಣ. ಕಪ್ಪು ಜನರೂ ಬಿಳಿಯರೂ ಅವನ ಹಾಡಿಗೆ ಮನಸೋತರು.

ಆದರೆ ಕಂಠವನ್ನು ಮೆಚ್ಚಿದ ದೇಶ ಮೈಬಣ್ಣವನ್ನು ಕ್ಷಮಿಸಲಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಜನರಿಗೆ ಶಾಲೆ ಬೇರೆ, ಬಸ್ಸಿನಲ್ಲಿ ಆಸನ ಬೇರೆ, ಕುಡಿಯುವ ನೀರಿನ ನಲ್ಲಿಯೂ ಬೇರೆ. 1963ರ ಅಕ್ಟೋಬರ್ 8ರಂದು ಕುಕ್ ತನ್ನ ಹೆಂಡತಿಯೊಡನೆ ಲೂಯಿಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ನಗರಕ್ಕೆ ಬಂದ. ವಸತಿಗೃಹವೊಂದರಲ್ಲಿ ಕೋಣೆಯನ್ನು ಮೊದಲೇ ಕಾದಿರಿಸಿದ್ದ. ಮುಖ ಕಂಡೊಡನೆ ಕೋಣೆ ಖಾಲಿಯಿಲ್ಲವೆಂದುಬಿಟ್ಟರು. ಆತ ಪ್ರತಿಭಟಿಸಿದ, ಸಿಟ್ಟಿನಿಂದ ಕಾರಿನ ಹಾರನ್ನನ್ನು ಬಾರಿಸಿದ. ಶಾಂತಿಭಂಗದ ಆರೋಪ ಹೊರಿಸಿ ಪೊಲೀಸರು ಅವನನ್ನು ಬಂಧಿಸಿದರು. ದೇಶವೆಲ್ಲ ಕೊಂಡಾಡುವ ಗಾಯಕನಿಗೆ ಒಂದು ರಾತ್ರಿ ತಲೆಯಿಡಲು ಜಾಗವಿಲ್ಲ! (ಆ ನಗರದ ಮೇಯರ್ ಅವನ ಕುಟುಂಬದ ಕ್ಷಮೆ ಕೇಳಿದ್ದು 2019ರಲ್ಲಿ. ಕ್ಷಮೆಯ ಮಾತು ಹೊರಡಲು ಐವತ್ತಾರು ವರ್ಷಗಳು ಬೇಕಾದವು.)

ಆ ವರ್ಷ ಕುಕ್‌ನ ಪಾಲಿಗೆ ಬೇರೆ ರೀತಿಯಲ್ಲಿಯೂ ಕಠಿನವಾಗಿತ್ತು. ಬೇಸಿಗೆಯಲ್ಲಿ ಅವನ ಪುಟ್ಟ ಮಗು ಮನೆಯ ಈಜುಕೊಳದಲ್ಲಿ ಮುಳುಗಿ ತೀರಿಕೊಂಡಿತ್ತು. ಅದೇ ವರ್ಷ ಆತ ಬಾಬ್ ಡಿಲನ್ ಎಂಬ ತರುಣನ ‘ಬ್ಲೋಯಿಂಗ್ ಇನ್ ದ ವಿಂಡ್’ ಎಂಬ ಹಾಡನ್ನು ಕೇಳಿದ. ಮನುಷ್ಯನನ್ನು ಮನುಷ್ಯನೆಂದು ಕಾಣುವುದು ಎಂದು, ಎಂದು ಕೇಳುವ ಹಾಡು ಅದು. ಕುಕ್‌ಗೆ ಅದು ಹಿಡಿಸಿತು. ಜೊತೆಗೆ ನಾಚಿಕೆಯೂ ಆಯಿತು. ಬಿಳಿಯ ಹುಡುಗನೊಬ್ಬ ಇಂಥ ಹಾಡನ್ನು ಬರೆದಿರುವಾಗ, ನೋವನ್ನು ನಿತ್ಯ ಉಂಡ ತಾನು ಬರಿಯ ಪ್ರೇಮಗೀತೆಗಳನ್ನು ಹಾಡುತ್ತ ಕುಳಿತೆನಲ್ಲ ಎಂಬ ನಾಚಿಕೆ. ಈ ಅವಮಾನ, ಈ ಶೋಕ, ಈ ನಾಚಿಕೆ ಇವೆಲ್ಲ ಸೇರಿ ಹಾಡಾಯಿತು.

ನಾನು ಆ ಕ್ಯಾಸೆಟ್ಟನ್ನು ಮೊದಲು ಕೇಳಿದ್ದು ಒಂದು ಮಳೆಗಾಲದ ಸಂಜೆ. ತಂತಿವಾದ್ಯಗಳ ಮೇಳ ಒಮ್ಮೆಲೇ ಏರಿ ಬಂದು ಬಾಗಿಲು ತೆರೆದಂತಾಯಿತು. ಹಿಂದೆಯೇ ಸುರುಳಿ ಕಹಳೆಯ ದನಿ. ಒಂದೆಡೆ ದೊಡ್ಡ ಭೇರಿಯ ಗುಡುಗು. ಈ ವಾದ್ಯಗಳನ್ನು ಹೊಂದಿಸಿದವನು ರೆನೆ ಹಾಲ್ ಎಂಬ ಸಂಗೀತಗಾರ. ಇಷ್ಟೊಂದು ವಾದ್ಯಗಳ ನಡುವೆಯೂ ಕುಕ್ ದನಿಯೇರಿಸಿ ಕಿರುಚುವುದಿಲ್ಲ. ನದಿಯ ದಡದಲ್ಲಿ ಹುಟ್ಟಿ ನದಿಯಂತೆಯೇ ನಿಲ್ಲದೆ ಓಡುತ್ತಿರುವ ಬಾಳು, ಕಾಲಿಟ್ಟಲ್ಲೆಲ್ಲ ತಡೆಯುವ ಜನ, ಸಾವಿನ ಭಯ, ನೆರವು ಬೇಡಿದರೆ ಸಿಗುವ ಪೆಟ್ಟು ಇವನ್ನೆಲ್ಲ ಆತ ನೆಟ್ಟಗೆ ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಗೌರವಸ್ಥರ ಸಭೆಯಲ್ಲಿ ಸಾಕ್ಷಿ ನುಡಿಯುವವನಂತೆ ಹಾಡುತ್ತಾನೆ. ಪ್ರತಿ ನುಡಿಯ ಕೊನೆಗೂ ಬದಲಾವಣೆ ಬಂದೇ ಬರುವುದೆಂಬ ಪಲ್ಲವಿ. ಅದು ಬೆದರಿಕೆಯಲ್ಲ, ಬೇಡಿಕೆಯೂ ಅಲ್ಲ. ಬೆಳಗಾಗುತ್ತದೆ ಎಂದು ಹೇಳಿದಷ್ಟು ಸಹಜವಾದ ಮಾತು.

1964ರ ಫೆಬ್ರವರಿ 7ರಂದು ಕುಕ್ ಈ ಹಾಡನ್ನು ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಹಾಡಿದ. ಆ ಕಾರ್ಯಕ್ರಮದ ಚಿತ್ರಸುರುಳಿ ಉಳಿದಿಲ್ಲ. ಅದೇ ವರ್ಷದ ಜುಲೈ 2ರಂದು ವಸತಿಗೃಹ, ಹೋಟೆಲು, ಚಿತ್ರಮಂದಿರಗಳಲ್ಲಿ ವರ್ಣಭೇದವನ್ನು ನಿಷೇಧಿಸುವ ಕಾನೂನು ಬಂದಿತು. ಡಿಸೆಂಬರ್ 11ರಂದು ಲಾಸ್ ಏಂಜಲೀಸ್ ನಗರದಲ್ಲಿ ಕುಕ್ ಗುಂಡೇಟಿಗೆ ಸಿಕ್ಕಿ ಸತ್ತ. ಆಗ ಅವನಿಗೆ ಕೇವಲ ಮೂವತ್ತಮೂರು ವರ್ಷ. ವರ್ಷದ ಮೊದಲಲ್ಲಿ ದೊಡ್ಡ ಧ್ವನಿಮುದ್ರಿಕೆಯೊಂದರ ಹಾಡುಗಳ ನಡುವೆ ಸೇರಿಹೋಗಿದ್ದ ಈ ಹಾಡು ಬಿಡಿಯಾದ ಪ್ಲೇಟಾಗಿ ಹೊರಬಂದದ್ದು ಅವನು ಸತ್ತ ಕೆಲವು ದಿನಗಳ ಮೇಲೆ. ಅದೂ ಪ್ಲೇಟಿನ ಎರಡನೆಯ ಮುಖದಲ್ಲಿ. ಅದೂ ಒಂದು ನುಡಿಯನ್ನು ಕತ್ತರಿಸಿಕೊಂಡು. ಚಿತ್ರಮಂದಿರಕ್ಕೂ ಪೇಟೆಗೂ ಹೋದವನನ್ನು ಅಲ್ಲಿ ಸುಳಿಯಬೇಡವೆಂದು ಗದರಿಸುವ ನುಡಿಯೇ ಆ ಕತ್ತರಿಗೆ ಸಿಕ್ಕಿತು. ಹೀಗೆ ಹಾಡಿದವನಿಲ್ಲ, ಹಾಡುವಾಗಿನ ಚಿತ್ರವಿಲ್ಲ. ಹಾಡು ಮಾತ್ರ ಅನಾಥ ಕೂಸಿನಂತೆ ಉಳಿಯಿತು. ಅದನ್ನು ಯಾರಾದರೂ ಎತ್ತಿಕೊಳ್ಳಬೇಕಾಗಿತ್ತು.

ಎತ್ತಿಕೊಂಡವರಲ್ಲಿ ಮೊದಲಿಗರ ಪೈಕಿ ಒಬ್ಬ ಓಟಿಸ್ ರೆಡಿಂಗ್. ಜಾರ್ಜಿಯ ರಾಜ್ಯದ ಬಡವರ ಮನೆಯ ಹುಡುಗ. ಶಾಲೆಯನ್ನು ನಡುವೆಯೇ ಬಿಟ್ಟು, ಬಾವಿ ತೋಡುವ ಕೂಲಿ ಮಾಡಿದವನು. ಕುಕ್ ಅವನ ಪಾಲಿನ ಆರಾಧ್ಯ ಗಾಯಕ. ಕುಕ್ ತೀರಿಕೊಂಡ ಏಳು ತಿಂಗಳಿಗೆ, 1965ರ ಜುಲೈಯಲ್ಲಿ, ಮೆಂಫಿಸ್ ನಗರದ ಹಳೆಯ ಚಿತ್ರಮಂದಿರವೊಂದನ್ನು ಮಾರ್ಪಡಿಸಿ ಮಾಡಿದ್ದ ಧ್ವನಿಮುದ್ರಣ ಶಾಲೆಯಲ್ಲಿ ಆತ ಈ ಹಾಡನ್ನು ಹಾಡಿದ. ಅದೇ ಧ್ವನಿಮುದ್ರಿಕೆಯಲ್ಲಿ ಕುಕ್‌ನ ಇನ್ನೂ ಎರಡು ಹಾಡುಗಳಿವೆ. ಗುರುವಿಗೆ ಶಿಷ್ಯ ಸಲ್ಲಿಸಿದ ಶ್ರದ್ಧಾಂಜಲಿ ಅದು.

ಕ್ಯಾಸೆಟ್ಟಿನಲ್ಲಿ ಎರಡನೆಯದಾಗಿ ಬಂದದ್ದು ಈ ಓಟಿಸ್‌ನ ಹಾಡು. ಕೇಳುತ್ತಿದ್ದಂತೆಯೇ ನನಗೆ ಕಸಿವಿಸಿಯಾಯಿತು. ತಂತಿವಾದ್ಯಗಳ ಭವ್ಯ ಮೇಳವಿಲ್ಲ. ಕೆಲವೇ ವಾದ್ಯಗಳು, ನರಳುವಂತೆ ಊದುವ ಕಹಳೆಗಳು. ಕಂಠ ಒರಟು. ಮಾತುಗಳು ತೊದಲುತ್ತವೆ, ತುಂಡಾಗುತ್ತವೆ, ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ನನ್ನೊಳಗಿನ ತೀರ್ಪುಗಾರ ಎಚ್ಚೆತ್ತು, “ಮೂಲದಂತೆ ಇಲ್ಲ” ಎಂದು ಗೆರೆ ಎಳೆಯಲು ಹೊರಟ. ಅಷ್ಟರಲ್ಲಿ ನನ್ನ ಕಣ್ಣು ತೇವವಾಗಿತ್ತು. ಕುಕ್ ಹಾಡುವಾಗ ನಾನು ಅವನನ್ನು ಗೌರವಿಸಿದ್ದೆ. ಈತ ಹಾಡುವಾಗ ಬಾವಿಯ ಆಳದಲ್ಲಿ ನಿಂತು ಮೇಲಿನ ಬೆಳಕಿನ ಚೂರನ್ನು ನೋಡುವವನ ಜೊತೆಗೆ ನಿಂತಂತಾಯಿತು. ಕುಕ್‌ಗೆ ಬದಲಾವಣೆ ಬರುವುದು ಖಚಿತ. ಓಟಿಸ್‌ಗೆ ಅದು ಖಚಿತವಲ್ಲ. ಬರಲೇಬೇಕೆಂದು ಆತ ಹಂಬಲಿಸುತ್ತಾನೆ. ಮಾತು ಅದೇ, ಅರ್ಥ ಬೇರೆ. 1967ರ ಡಿಸೆಂಬರ್‌ನಲ್ಲಿ ವಿಮಾನ ಅಪಘಾತದಲ್ಲಿ ಆತ ತೀರಿಕೊಂಡಾಗ ಅವನಿಗೆ ಇನ್ನೂ ಇಪ್ಪತ್ತಾರು ವರ್ಷ.

ಮೂರನೆಯ ಕಂಠ ಅರೀತಾ ಫ್ರಾಂಕ್ಲಿನ್ ಎಂಬಾಕೆಯದು. ಡೆಟ್ರಾಯಿಟ್ ನಗರದ ಹೆಸರಾಂತ ಉಪದೇಶಕರೊಬ್ಬರ ಮಗಳು. ತಂದೆಯ ಇಗರ್ಜಿಯಲ್ಲಿ ಹಾಡಿ ಬೆಳೆದವಳು. ಕುಕ್‌ನನ್ನು ಬಾಲ್ಯದಿಂದಲೇ ಬಲ್ಲವಳು. 1967ರಲ್ಲಿ ಪಿಯಾನೊ ನುಡಿಸುತ್ತ ಆಕೆ ಈ ಹಾಡನ್ನು ಹಾಡಿದಾಗ ಒಂದು ಸಣ್ಣ ಮುನ್ನುಡಿಯನ್ನು ಸೇರಿಸಿದಳು. ಹಳೆಯ ಗೆಳೆಯನೊಬ್ಬನ ಬಾಯಿಂದ ಕೇಳಿ ನನ್ನ ಮನಸ್ಸನ್ನು ಮುಟ್ಟಿದ ಮಾತು ಇದು ಎಂಬುದು ಅದರ ಭಾವ. ಎಷ್ಟು ಸಣ್ಣ ಬದಲಾವಣೆ! ಆದರೆ ಆ ಒಂದು ಮಾತಿನಿಂದ ಹಾಡಿನ ನಿಲುವೇ ಬೇರೆಯಾಯಿತು. ಸತ್ತ ಗೆಳೆಯನ ಮಾತನ್ನು ಬದುಕಿರುವವಳು ಕಾಪಾಡಿಕೊಂಡು ಬಂದು ಜನರ ಮುಂದಿಡುತ್ತಿದ್ದಾಳೆ. ಅವಳ ದನಿಯಲ್ಲಿ ಹಾಡು ಮತ್ತೆ ಇಗರ್ಜಿಯೊಳಕ್ಕೆ ಹೋಗಿ ಪ್ರಾರ್ಥನೆಯಾಗುತ್ತದೆ.

ಅದೇ ಧ್ವನಿಮುದ್ರಿಕೆಯ ಮೊದಲ ಹಾಡು ‘ರಿಸ್ಪೆಕ್ಟ್’. ಅದನ್ನು ಬರೆದು ಮೊದಲು ಹಾಡಿದವನು ಓಟಿಸ್ ರೆಡಿಂಗ್. ದುಡಿದು ಮನೆಗೆ ಬಂದ ಗಂಡಸು ತನಗೆ ಮರ್ಯಾದೆ ಕೊಡೆಂದು ಹೆಂಡತಿಯನ್ನು ಕೇಳುವ ಹಾಡು ಅದು. ಅರೀತಾ ಅದನ್ನು ಹಾಡಿದೊಡನೆ ಮರ್ಯಾದೆ ಕೇಳುವವಳು ಹೆಣ್ಣಾದಳು. ಕೆಲವೇ ತಿಂಗಳಲ್ಲಿ ಅದು ಹೆಣ್ಣುಮಕ್ಕಳೆಲ್ಲರ ಹಾಡಾಯಿತು, ಕಪ್ಪು ಜನರೆಲ್ಲರ ಹಾಡಾಯಿತು. ಒಬ್ಬ ಹುಡುಗಿ ಈ ಹಾಡನ್ನು ತನ್ನಿಂದ ತೆಗೆದುಕೊಂಡು ಹೋದಳೆಂದು ಓಟಿಸ್ ವೇದಿಕೆಯ ಮೇಲೆಯೇ ಹಾಸ್ಯವಾಗಿ ಒಪ್ಪಿಕೊಂಡ. ಕುಕ್‌ನ ಹಾಡನ್ನು ಎತ್ತಿಕೊಂಡವನ ಹಾಡನ್ನು ಇನ್ನೊಬ್ಬಳು ಎತ್ತಿಕೊಂಡಳು!

ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದಕ್ಕೆ ಇಂಗ್ಲಿಷಿನಲ್ಲಿ ‘ಕವರ್’ ಎನ್ನುತ್ತಾರೆ. ಕವರ್ ಎಂದರೆ ಹೊದಿಕೆ. ಜೂನ್ ತಿಂಗಳಲ್ಲಿ ನೀವು ಹೊಸ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕುತ್ತೀರಲ್ಲವೆ? ಹೊದಿಕೆ ಪುಸ್ತಕವನ್ನು ಕಾಪಾಡುತ್ತದೆ. ಅದರ ಹೆಸರನ್ನು ಮರೆಮಾಡುವುದೂ ಉಂಟು. ಹಾಡಿನ ಹೊದಿಕೆಯೂ ಹಾಗೆಯೇ. 1950ರ ದಶಕದಲ್ಲಿ ಅಮೆರಿಕದ ಕಪ್ಪು ಗಾಯಕರ ಹಾಡುಗಳನ್ನು ಬಿಳಿಯ ಗಾಯಕರು ನಯಗೊಳಿಸಿ ಹಾಡಿ ಹೆಚ್ಚಿನ ಹೆಸರನ್ನೂ ಹಣವನ್ನೂ ಗಳಿಸುತ್ತಿದ್ದರು. ಫ್ಯಾಟ್ಸ್ ಡಾಮಿನೊ ಎಂಬ ಕಪ್ಪು ಗಾಯಕ ಬರೆದು ಹಾಡಿದ ‘ಏಂಟ್ ದಟ್ ಎ ಷೇಮ್’ ಎಂಬ ಹಾಡನ್ನು 1955ರಲ್ಲಿ ಮೊದಲ ಸ್ಥಾನಕ್ಕೇರಿಸಿದ ಕಂಠ ಪ್ಯಾಟ್ ಬೂನ್ ಎಂಬ ಬಿಳಿಯನದು. ಮೂಲದವನ ಮುಖವನ್ನು ಮುಚ್ಚುವ ಹೊದಿಕೆ ಅದು. ಓಟಿಸ್ ಮತ್ತು ಅರೀತಾ ಹೊದಿಸಿದ್ದು ಬೇರೆ ಬಗೆಯ ಹೊದಿಕೆ. ಚಳಿಯಲ್ಲಿ ಬಿಟ್ಟುಹೋದ ಕೂಸಿಗೆ ಹೊದಿಸಿದ ಕಂಬಳಿ. ಹಾಡು ಯಾರದೆಂಬುದನ್ನು ಅವರು ಮರೆಯಲಿಲ್ಲ, ನಮ್ಮನ್ನು ಮರೆಯಲು ಬಿಡಲೂ ಇಲ್ಲ.

ನಾಲ್ಕನೆಯ ಕಂಠವೊಂದನ್ನು ನಾನು ಬಹಳ ತಡವಾಗಿ ಕೇಳಿದೆ. 2009ರ ಜನವರಿ 18ರಂದು, ಬರಾಕ್ ಒಬಾಮ ಅಮೆರಿಕದ ಮೊದಲ ಕಪ್ಪು ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಳ್ಳುವುದಕ್ಕೆ ಎರಡು ದಿನ ಮುಂಚೆ, ವಾಷಿಂಗ್‌ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಲಕ್ಷಾಂತರ ಜನ ಸೇರಿದ್ದರು. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸನ್ನು ಕುರಿತು ಮಾತನಾಡಿದ ಜಾಗವೂ ಅದೇ. ಅಲ್ಲಿ ಬೆಟ್ಟಿ ಲವೆಟ್ ಎಂಬ ಗಾಯಕಿ ಈ ಹಾಡನ್ನು ಹಾಡಿದಳು. ಜೊತೆಗೆ ಜಾನ್ ಬಾನ್ ಜೋವಿ ಎಂಬ ಬಿಳಿಯ ಗಾಯಕನಿದ್ದ. ಲವೆಟ್ ಹದಿನಾರನೆಯ ವಯಸ್ಸಿಗೇ ಹೆಸರು ಮಾಡಿ, ಆಮೇಲೆ ದಶಕಗಳ ಕಾಲ ಲೋಕದ ಮರವೆಗೆ ಸಂದಿದ್ದವಳು. ಆಗ ಅವಳಿಗೆ ಅರವತ್ತೆರಡು ವರ್ಷ. ಆ ದನಿಯಲ್ಲಿ ಯೌವನದ ಇಂಪಿರಲಿಲ್ಲ. ಕಾದು ಕಾದು ಸವೆದ ಬಾಳಿನ ತೂಕವಿತ್ತು. ನಲವತ್ತೈದು ವರ್ಷಗಳ ಹಿಂದಿನ ಪಲ್ಲವಿ ಅಂದು ಭವಿಷ್ಯವಾಣಿಯಂತೆ ಕೇಳದೆ, ಅರ್ಧ ಕೈಗೂಡಿದ ಹರಕೆಯಂತೆ ಕೇಳಿಸಿತು. ಅರ್ಧ ಎಂದೆ. ಒಬ್ಬರು ಅಧ್ಯಕ್ಷರಾದ ಮಾತ್ರಕ್ಕೆ ಎಲ್ಲರ ನೋವು ತೀರುವುದಿಲ್ಲ. ಆದ್ದರಿಂದಲೇ ಆ ಹಾಡನ್ನು ಜನ ಮತ್ತೆ ಮತ್ತೆ ಹಾಡುತ್ತಿದ್ದಾರೆ. ಅಮೆರಿಕದ ಸಂಸತ್ ಗ್ರಂಥಾಲಯ 2007ರಲ್ಲಿ ಕುಕ್‌ನ ಹಾಡನ್ನು ಶಾಶ್ವತವಾಗಿ ಕಾಪಾಡಬೇಕಾದ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿತು. ಆದರೆ ಕಪಾಟಿನಲ್ಲಿ ಕಾಪಾಡುವುದು ಬೇರೆ, ಕಂಠದಲ್ಲಿ ಕಾಪಾಡುವುದು ಬೇರೆ.

ಇದು ನಮಗೂ ಹೊಸ ಸಂಗತಿಯೇನಲ್ಲ. ಪುರಂದರದಾಸರ ಒಂದೇ ಪದವನ್ನು ಕರ್ನಾಟಕ ಸಂಗೀತದವರು ಒಂದು ರಾಗದಲ್ಲಿ, ಹಿಂದೂಸ್ತಾನಿಯವರು ಇನ್ನೊಂದು ರಾಗದಲ್ಲಿ, ಭಜನೆಯವರು ತಮ್ಮದೇ ಧಾಟಿಯಲ್ಲಿ ಹಾಡುವುದನ್ನು ನೀವೂ ಕೇಳಿದ್ದೀರಿ. ಕುಮಾರವ್ಯಾಸನ ಷಟ್ಪದಿಯನ್ನು ಇಬ್ಬರು ಗಮಕಿಗಳು ಒಂದೇ ಬಗೆಯಾಗಿ ವಾಚಿಸುವುದಿಲ್ಲ. ಇದೆಲ್ಲ ನನಗೆ ತಿಳಿದಿತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ಎದುರಿಗೆ ನಿಂತ ಹುಡುಗಿಯೊಬ್ಬಳು ಅದನ್ನೇ ಮಾಡಿದಾಗ ಗುರುತಿಸಲಾರದೆ ಹೋದೆ. ದೊಡ್ಡವರು ಮಾಡಿದರೆ ಅದು ಶೈಲಿ, ಚಿಕ್ಕವರು ಮಾಡಿದರೆ ತಪ್ಪು ಎಂದು ಎಣಿಸಿದ್ದೆ.

ಹಾಗೆಂದು ಮನಸ್ಸಿಗೆ ಬಂದಂತೆ ಹಾಡಿದ್ದೆಲ್ಲ ಹೊಸ ಸೃಷ್ಟಿಯಾಗುವುದಿಲ್ಲ. ಓಟಿಸ್ ಕುಕ್‌ನ ಹಾಡುಗಳನ್ನು ಚೆನ್ನಾಗಿ ಕೇಳಿ ಮೈಗೂಡಿಸಿಕೊಂಡ ಮೇಲೆ ತನ್ನ ದಾರಿ ಹಿಡಿದ. ಅರೀತಾಳ ಬೆನ್ನ ಹಿಂದೆ ತಂದೆಯ ಇಗರ್ಜಿಯ ಇಡೀ ಹಾಡಿನ ಪರಂಪರೆ ಇತ್ತು. ಆ ಹುಡುಗಿಯ ಬೆನ್ನ ಹಿಂದೆಯೂ ಒಂದು ಪರಂಪರೆಯಿತ್ತು. ಕತ್ತಲಿರುವಾಗಲೇ ಎದ್ದು ಬೀಸುವ ಕಲ್ಲಿನ ಮುಂದೆ ಕುಳಿತು, ತನ್ನ ನೋವನ್ನು ರಾಗಿಯೊಡನೆ ಬೀಸಿದ ಅಜ್ಜಿಯ ಪರಂಪರೆ. ಕವಿ ಬರೆದ ಗೀತೆಗೆ ಅವಳು ತನ್ನ ಅಜ್ಜಿಯ ದನಿಯನ್ನು ಕೊಟ್ಟಿದ್ದಳು. ಹುಡುಗ ಹಾಡಿದಾಗ ನಾವು ಕ್ಯಾಸೆಟ್ಟನ್ನು ಕೇಳಿದೆವು. ಅವಳು ಹಾಡಿದಾಗ ಹಾಡನ್ನು ಕೇಳಿದೆವು. ಸಭೆ ಸ್ತಬ್ಧವಾದದ್ದು ಅದಕ್ಕೇ. ಸಭೆಗೆ ತಿಳಿದದ್ದು ತೀರ್ಪುಗಾರನಿಗೆ ತಿಳಿಯಲಿಲ್ಲ.

ಆ ಮಳೆಗಾಲದ ಸಂಜೆಯ ಬಳಿಕ ನನ್ನ ಪಾಠದ ಕ್ರಮ ಬದಲಾಯಿತು. ಪದ್ಯವನ್ನು ಮೊದಲು ನಾನು ಓದುತ್ತಿದ್ದೆ. ಅನಂತರ ಮಕ್ಕಳಿಂದ ಓದಿಸುತ್ತಿದ್ದೆ. ‘ನನ್ನ ಹಾಗೆ ಓದು’ ಎಂದು ಹೇಳುವುದನ್ನು ಮಾತ್ರ ಬಿಟ್ಟೆ. ಕುರಿ ಕಾಯುವವರ ಮನೆಯ ಹುಡುಗನೊಬ್ಬ ಓದಿದಾಗ, ಹರಿಕಥೆಯವರ ಮನೆಯ ಹುಡುಗಿಯೊಬ್ಬಳು ಓದಿದಾಗ, ನಾನು ಹತ್ತಾರು ಸಲ ಓದಿದ್ದ ಪದ್ಯದಲ್ಲಿ ನನಗೆ ಕಾಣದಿದ್ದ ಮೂಲೆಗಳು ಕಾಣಿಸಿದವು.

ಆ ಹುಡುಗಿಗೆ ಈಗ ಐವತ್ತು ದಾಟಿರಬೇಕು. ಅವಳು ಎಲ್ಲಿದ್ದಾಳೆಂಬುದು ನನಗೆ ತಿಳಿಯದು. ಅಂದಿನ ಅಂಕಪಟ್ಟಿಯನ್ನು ತಿದ್ದುವುದು ಇನ್ನು ಯಾರಿಂದಲೂ ಆಗದು. ಈ ಬರಹ ಹೇಗಾದರೂ ಅವಳ ಕಣ್ಣಿಗೆ ಬಿದ್ದರೆ ಅವಳಿಗೆ ಇಷ್ಟು ತಿಳಿಯಲಿ: ಅಂದು ಅವಳು ತಪ್ಪು ಹಾಡಲಿಲ್ಲ. ತಪ್ಪು ಕೇಳಿದವನು ನಾನು.